ಹದಿನೇಳನೇ ಸ್ಟ್ಯಾಂಪು

ಸಾಮಿಯಾಳಿಗೆ ಅನುಭವ ಪತ್ರವಿರಲಿಲ್ಲ. ಅನುಭವ ನಾಲ್ಕು ವರ್ಷದ್ದಿತ್ತು. ಕೆ.ಆರ್. ಪುರ ರೈಲ್ವೆ ಹಳಿಯ ಆಚೆ, ಸುಮೇರು ಪ್ರಿಸಿಷನ್ ಎಂಬ ಕಂಪನಿಯಲ್ಲಿ ಅವಳು ತಪಾಸಣೆ ವಿಭಾಗದ ಇಂಜಿನಿಯರ್. ಹೆಲಿಕಾಪ್ಟರಿನ ಹೈಡ್ರಾಲಿಕ್ ವ್ಯವಸ್ಥೆಗೆ ಬೇಕಾದ ವಾಲ್ವ್ ಬಾಡಿಗಳು ಅಲ್ಲಿ ತಯಾರಾಗಿ, ಊರಿನಲ್ಲೇ ಇರುವ ಸರ್ಕಾರಿ ರಕ್ಷಣಾ ಕಾರ್ಖಾನೆಯೊಂದಕ್ಕೆ ಹೋಗುತ್ತಿದ್ದವು. ಅಂಗೈಯಲ್ಲಿ ಹಿಡಿಯುವಷ್ಟು ಅಲ್ಯುಮಿನಿಯಂ ತುಂಡು, ಅದರೊಳಗೆ ಕೊರೆದ ರಂಧ್ರಗಳು. ಆ ರಂಧ್ರಗಳನ್ನು ಅಳೆಯುವುದು ಸಾಮಿಯಾಳ ಕೆಲಸ. ಅಳತೆ ಸರಿಯಿದ್ದರೆ ವರದಿಯ ಮೇಲೆ ಹದಿನೇಳು ಎಂಬ ಅಂಕಿಯ ರಬ್ಬರ್ ಸ್ಟ್ಯಾಂಪು ಒತ್ತುತ್ತಿದ್ದಳು. ಆ ಅಂಕಿ ಅವಳೊಬ್ಬಳದು. ಸಹಿ ಬೇಕಿರಲಿಲ್ಲ, ಸ್ಟ್ಯಾಂಪೇ ಸಹಿ.

ಅನುಭವ ಪತ್ರವನ್ನು ಕೆಲಸ ಬಿಡುವವರಿಗೆ ಮಾತ್ರ ಕೊಡುತ್ತಿದ್ದರು. ಇರುವವರಿಗೆ ಕೊಟ್ಟರೆ ಅವರೂ ಬಿಡುತ್ತಾರೆ ಎಂದು ಮಾಲೀಕರ ಭಯ. ಭಯಕ್ಕೆ ಕಾರಣವಿತ್ತು. ಅವಳು ಸೇರಿದಾಗ ಸಂಬಳ ಹದಿನೆಂಟು ಸಾವಿರ, ಈಗ ಇಪ್ಪತ್ತೊಂಬತ್ತು. ಅವಳು ಅಳೆಯುವ ತುಂಡನ್ನು ಮಷೀನಿನಲ್ಲಿ ಕೊರೆಯುವ ಆಪರೇಟರ್‌ಗೆ ಓವರ್‌ಟೈಮ್ ಸೇರಿ ಮೂವತ್ತೆರಡು ಬರುತ್ತಿತ್ತು. ಇಂಜಿನಿಯರ್‌ಗೆ ಓವರ್‌ಟೈಮ್ ಇಲ್ಲ, ಆದರೆ ಆಪರೇಟರ್ ಹೋಗುವವರೆಗೆ ಅವಳೂ ಹೋಗುವಂತಿಲ್ಲ. ಸಂಬಳದ ಮಾತೆತ್ತಿದವರಿಗೆ ಮಾಲೀಕರು ದೇಶಸೇವೆಯ ಮಾತು ಹೇಳುತ್ತಿದ್ದರು.

ಬೇರೆ ಖಾಸಗಿ ಕಂಪನಿಗಳಿಗೂ ಅವಳು ಅರ್ಜಿ ಹಾಕಿದ್ದಳು. ಏನು ತಯಾರಿಸುತ್ತೀರಿ ಎಂದು ಕೇಳುತ್ತಿದ್ದರು. ಡ್ರಾಯಿಂಗಿನ ವಿಷಯ ಹೊರಗೆ ಹೇಳುವುದಿಲ್ಲ ಎಂದು ಸೇರುವಾಗಲೇ ಬರೆದುಕೊಟ್ಟಿದ್ದಳು. ಹೀಗಾಗಿ 'ಕೆಲವು ಹೈಡ್ರಾಲಿಕ್ ಭಾಗಗಳು' ಎನ್ನುತ್ತಿದ್ದಳು. ಕೇಳುವವರು ಕೈಗಡಿಯಾರ ನೋಡುತ್ತಿದ್ದರು.

ಜನವರಿಯಲ್ಲಿ ಆ ಸರ್ಕಾರಿ ಕಾರ್ಖಾನೆಯೇ ನಾಲ್ಕು ತಪಾಸಣೆ ಇಂಜಿನಿಯರ್ ಹುದ್ದೆಗಳಿಗೆ ಅರ್ಜಿ ಕರೆಯಿತು. ಕಾಯಂ ಹುದ್ದೆ. ಮೂರು ವರ್ಷ ಅನುಭವ ಬೇಕು, ವಯಸ್ಸು ಇಪ್ಪತ್ತೆಂಟು ಮೀರಿರಬಾರದು. ಸಾಮಿಯಾಳಿಗೆ ಆಗಸ್ಟಿಗೆ ಇಪ್ಪತ್ತೆಂಟು ತುಂಬುತ್ತಿತ್ತು. ಇಂಥ ಕರೆ ಎರಡು ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಅವಳಿಗೆ ಇದೇ ಮೊದಲನೆಯದು, ಇದೇ ಕೊನೆಯದು.

ಸಂದರ್ಶನ ಮಾರ್ಚ್ ಇಪ್ಪತ್ತೆಂಟಕ್ಕೆ ಬಿತ್ತು. ಮಾರ್ಚ್ ಕೊನೆಯ ವಾರ ಸುಮೇರುವಿನಲ್ಲಿ ಯಾರಿಗೂ ರಜೆಯಿಲ್ಲ. ವರ್ಷದ ಲೆಕ್ಕ ಮುಗಿಯುವ ಮೊದಲು ಎಷ್ಟಾಗುತ್ತೋ ಅಷ್ಟು ಮಾಲು ಗೇಟು ದಾಟಬೇಕು. ದಾರಿ ತೋರಿಸಿದವನು ನರೇಶ್. ಅವನು ಉತ್ಪಾದನಾ ವಿಭಾಗದ ಇಂಜಿನಿಯರ್, ಹಲಸೂರಿನವನು, ನಾಲ್ಕು ವರ್ಷದಿಂದ ಅವಳ ಜೊತೆ ಒಂದೇ ಮೆಟ್ರೊದಲ್ಲಿ ಬರುತ್ತಿದ್ದವನು. ಲೋಹದ ಲೇಪನಕ್ಕೆಂದು ಹೊರಗೆ ಪ್ಲೇಟಿಂಗಿಗೆ ಕೊಟ್ಟ ಮಾಲು ನೋಡಿಬರುವ ನೆಪದಲ್ಲಿ ಗೇಟ್ ಪಾಸ್ ಬರೆಸಿಕೊಟ್ಟ. ಪ್ಲೇಟಿಂಗಿನವನಿಗೆ ತಾನೇ ಫೋನ್ ಮಾಡಿ ಹೇಳಿಟ್ಟ. ಸಾಮಿಯಾ ಬೆಳಗ್ಗೆ ಹಾಜರಿ ಒತ್ತಿ ಒಂಬತ್ತೂವರೆಗೆ ಹೊರಟಳು. ಸ್ಟ್ಯಾಂಪನ್ನು ಡ್ರಾಯರಿನಲ್ಲಿ ಬಿಟ್ಟಳು.

ಬಿಡುವುದು ಅಲ್ಲಿನ ವಾಡಿಕೆ. ಹೊರಗೆ ಹೋಗುವವರು ಸ್ಟ್ಯಾಂಪು ಬಿಟ್ಟುಹೋಗುತ್ತಿದ್ದರು, ಇರುವವರು ಅಳೆದು ಒತ್ತುತ್ತಿದ್ದರು. ಸಾಮಿಯಾ ತಾನೂ ಒಂದೆರಡು ಸಲ ಒಂಬತ್ತನೇ ಸ್ಟ್ಯಾಂಪನ್ನು ಒತ್ತಿದ್ದಳು. ಒಬ್ಬರ ಸ್ಟ್ಯಾಂಪನ್ನು ಇನ್ನೊಬ್ಬರು ಮುಟ್ಟುವಂತಿಲ್ಲ ಎಂಬ ನಿಯಮ ಗೋಡೆಯ ಮೇಲಿತ್ತು. ಆ ಹಾಳೆಯನ್ನು ಅಂಟಿಸಿದವಳೂ ಅವಳೇ.

ಮೇ ತಿಂಗಳ ಒಂದು ಗುರುವಾರ ಬೆಳಗ್ಗೆ ಮೇಲ್ ಬಂತು. ಆಯ್ಕೆಯಾಗಿದೆ. ಇಪ್ಪತ್ತೊಂದು ದಿನದೊಳಗೆ ಅನುಭವ ಪತ್ರ ಮತ್ತು ಬಿಡುಗಡೆ ಪತ್ರ ತಂದು ದಾಖಲೆ ಪರಿಶೀಲನೆಗೆ ಹಾಜರಾಗಬೇಕು. ತಪ್ಪಿದರೆ ಹುದ್ದೆ ಕಾಯುವ ಪಟ್ಟಿಯ ಮೊದಲಿಗರಿಗೆ ಹೋಗುತ್ತದೆ.

ಹಲಸೂರು ನಿಲ್ದಾಣದಲ್ಲಿ ನರೇಶ್ ಹತ್ತಿದ. ಅವಳ ಮುಖ ನೋಡಿದ.

"ಏನ್ ಸಾಮಿ, ಇಂಕ್ರಿಮೆಂಟ್ ಬಂದಂಗಿದೆ?"

"ಬಂದಿದೆ. ಬೇರೆ ಕಡೆಯಿಂದ."

"ಆಯ್ತಾ! ಎಷ್ಟು ಕೊಡ್ತಾರೆ?"

"ಬೇಸಿಕ್ಕೇ ನಲವತ್ತು. ಎಲ್ಲಾ ಸೇರಿ ಎಪ್ಪತ್ತರ ಹತ್ರ."

"ಎಪ್ಪತ್ತಾ? ಅಷ್ಟು ದುಡ್ಡಲ್ಲಿ ನಮ್ ಓನರ್ ನಾಲ್ಕು ಟ್ರೈನಿ ಇಟ್ಕೊಂಡು ದೇಶಸೇವೆ ಮಾಡಿಸ್ತಾನೆ ಗುರು." ಅವನು ನಕ್ಕ. ಪಕ್ಕದಲ್ಲಿ ನಿಂತಿದ್ದವರು ತಿರುಗಿ ನೋಡಿದರು. "ಇವತ್ತೇ ರಾಜೀನಾಮೆ ಬಿಸಾಕು. ನೋಟಿಸ್ ಸಂಬಳ ಬಿಟ್ಕೊಟ್ರೆ ತಕ್ಷಣ ಬಿಡ್ತಾರೆ. ಪಾರ್ಟಿ ಇಂದಿರಾನಗರದಲ್ಲಿ, ನೂರಡಿ ರೋಡಲ್ಲಿ. ಇಡ್ಲಿ ತಿನ್ಸಿ ಸಾಗಹಾಕ್ಬೇಡ."

ರಾಜೀನಾಮೆ ಅವಳ ಬ್ಯಾಗಿನಲ್ಲೇ ಇತ್ತು. ಅದನ್ನು ಕೊಡಲೆಂದು ಹತ್ತು ಗಂಟೆಗೆ ಗುಣಮಟ್ಟ ವಿಭಾಗದ ಮ್ಯಾನೇಜರ್ ಅಂಜನಮೂರ್ತಿಯವರ ಕೋಣೆಗೆ ಹೋದಳು. ಅವರೇ ಅವಳನ್ನು ಕರೆಸಬೇಕೆಂದಿದ್ದರು.

"ಬಾಮ್ಮ, ಕೂತ್ಕೊ." ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದರು. "ಹದಿನೇಳು ನಿಂದೇ ಅಲ್ವಾ?"

ಸರ್ಕಾರಿ ಕಾರ್ಖಾನೆಯಿಂದ ಬಂದ ತಿರಸ್ಕಾರ ಪತ್ರ ಅದು. ಮಾರ್ಚಿನಲ್ಲಿ ಕಳಿಸಿದ ನಲವತ್ತು ವಾಲ್ವ್ ಬಾಡಿಗಳು ಎರಡು ತಿಂಗಳು ಅವರ ಸ್ಟೋರಿನಲ್ಲಿದ್ದು, ಜೋಡಣೆಗೆ ಮುಂಚೆ ಮತ್ತೆ ಅಳೆದಾಗ ಒಂಬತ್ತು ತಪ್ಪಾಗಿದ್ದವು. ರಂಧ್ರ ಹನ್ನೆರಡು ಮಿಲಿಮೀಟರಿಗಿಂತ ಹದಿನೆಂಟು ಮೈಕ್ರಾನ್ ದೊಡ್ಡದಿರಬಹುದು. ಆ ಒಂಬತ್ತರಲ್ಲಿ ಇಪ್ಪತ್ತಾರಿತ್ತು. ತಲೆಗೂದಲಿನ ದಪ್ಪ ಎಪ್ಪತ್ತು ಮೈಕ್ರಾನ್. ವ್ಯತ್ಯಾಸ ಕೂದಲಿನ ಒಂಬತ್ತನೇ ಒಂದು ಭಾಗ, ಆದರೆ ಅಷ್ಟರಲ್ಲೇ ಎಣ್ಣೆ ಸೋರುತ್ತದೆ, ಮೇಲೆ ಹಾರುತ್ತಿರುವವನ ಕೈಯಲ್ಲಿ ಲಿವರ್ ಸಡಿಲವಾಗುತ್ತದೆ.

ತಪಾಸಣೆಯ ದಿನಾಂಕ ಮಾರ್ಚ್ ಇಪ್ಪತ್ತೆಂಟು. ಸ್ಟ್ಯಾಂಪು ಹದಿನೇಳು. ಪತ್ರದ ಕೆಳಗಿನ ಹೆಸರು ಹೇಮಶ್ರೀ. ಆ ಹೆಸರು ಸಾಮಿಯಾಳಿಗೆ ಗೊತ್ತಿತ್ತು. ಸಂದರ್ಶನದ ಮೇಜಿನ ಆಚೆ ಮೂವರು ಕೂತಿದ್ದರು, ನಡುವೆ ಇದ್ದವರ ಮುಂದೆ ಆ ಹೆಸರಿನ ಫಲಕವಿತ್ತು.

"ಅವತ್ತು ನೀನು ಪ್ಲೇಟಿಂಗ್‌ಗೆ ಹೋಗಿದ್ದೆ," ಅಂಜನಮೂರ್ತಿ ಹೇಳಿದರು. "ಪಾಸಿಗೆ ನಾನೇ ಸಹಿ ಹಾಕಿದೀನಿ."

"ಹೌದು ಸರ್."

"ಸ್ಟ್ಯಾಂಪ್ ಡ್ರಾಯರಲ್ಲಿತ್ತು."

ಅವಳು ಬ್ಯಾಗಿನ ಜಿಪ್ ಎಳೆದು ಮುಚ್ಚಿದಳು.

"ಯಾರು ಒತ್ತಿದ್ರು ಅಂತ ನಾನು ಕೇಳಲ್ಲ. ನೀನೂ ಹೇಳ್ಬೇಡ. ಮಧ್ಯಾಹ್ನ ವಾಪಸ್ ಬಂದೆ, ನೀನೇ ಅಳ್ದೆ, ಅವಸರದಲ್ಲಿ ತಪ್ಪಾಯ್ತು. ಹಂಗೆ ಬರ್ಕೊಡು. ಮನುಷ್ಯರ ತಪ್ಪು ಅಂದ್ರೆ ಟ್ರೈನಿಂಗ್ ಕೊಟ್ವಿ ಅಂತ ಮುಗಿಸ್ಬೋದು. ಸ್ಟ್ಯಾಂಪು ಇನ್ನೊಬ್ರ ಕೈಲಿತ್ತು ಅಂದ್ರೆ ಕಂಪನಿನೇ ಮುಗೀತು. ಇನ್ನೂರು ಜನ ಇದಾರಮ್ಮ."

"ಸರ್, ನಾನು ಕೆಲಸ ಬಿಡಬೇಕು ಅಂತಿದೀನಿ."

ಅವರು ಕನ್ನಡಕ ತೆಗೆದರು. ಕೋಪ ಬಂದಂತೆ ಕಾಣಲಿಲ್ಲ. ಬಿಡುವವರನ್ನು ಅವರು ಬಹಳ ನೋಡಿದ್ದರು.

"ಬಿಡು. ಸೋಮವಾರ ಬರ್ಕೊಡು, ಮಂಗಳವಾರ ಎರಡೂ ಪತ್ರ ತಗೊಂಡು ಹೋಗು. ನಾನೇನ್ ರಾಕ್ಷಸನಾ? ಬರ್ಕೊಡ್ದೆ ಹೋಗ್ತೀನಿ ಅಂದ್ರೂ ಹೋಗು. ಪತ್ರ ಮಾತ್ರ ಇಲ್ಲ."

ಊಟದ ಹೊತ್ತಿನಲ್ಲಿ ಅವಳು ನರೇಶನನ್ನು ಗೇಟಿನ ಹೊರಗಿನ ಟೀ ಅಂಗಡಿಗೆ ಕರೆದೊಯ್ದಳು. ಅವನಿಗೆ ಆಗಲೇ ಸುದ್ದಿ ಮುಟ್ಟಿತ್ತು.

"ಎಷ್ಟು ಅಳ್ದೆ?" ಅವಳು ಕೇಳಿದಳು.

"ಐದು."

"ನಲವತ್ತರಲ್ಲಿ ಐದು?"

"ಐದೂ ಕರೆಕ್ಟಾಗಿತ್ತು ಕಣೇ. ಲಾರಿ ನಿಂತಿತ್ತು, ಮೂರ್ತಿ ಸಾರ್ ಹತ್ತು ಸಲ ಬಂದು ಸಾಮಿಯಾ ವಾಪಸ್ ಬಂದ್ಲಾ, ರಿಪೋರ್ಟ್ ಎಲ್ಲಿ ಅಂತಿದ್ರು. ನಿನ್ನ ಹುಡುಕ್ಬಾರ್ದು ಅಂತ್ಲೇ ಬೇಗ ಒತ್ತಿ ಕೊಟ್ಟೆ. ಆಮೇಲೆ ಕೊರೆಯೋ ಟೂಲ್ ಅಲುಗಾಡಿದೆ. ನನಗೇನ್ ಕನಸು ಬಿದ್ದಿತ್ತಾ?"

"ನಲವತ್ತೂ ಅಳೀಬೇಕು ನರೇಶ್. ಇದೇನು ಪ್ರೆಶರ್ ಕುಕ್ಕರ್ರಾ?"

"ನೀನು ಅಲ್ಲಿ ಎಪ್ಪತ್ತು ಸಾವಿರದ ಕುರ್ಚಿ ಮುಂದೆ ಕೂತಿದ್ದೆ. ನಾನಿಲ್ಲಿ ನಿನ್ನ ಕೆಲ್ಸನೂ ನನ್ನ ಕೆಲ್ಸನೂ ಮಾಡ್ತಿದ್ದೆ. ಈಗ ನನಗೆ ಪಾಠ ಹೇಳು." ಅವನು ಟೀ ಲೋಟವನ್ನು ಬೆಂಚಿನ ಮೇಲಿಟ್ಟ. ದನಿ ತಗ್ಗಿಸಿದ. "ನನಗೆ ಮೂವತ್ತೊಂದು. ಯಾವ ಸರ್ಕಾರಿ ಗೇಟೂ ನನಗೆ ತೆಗ್ಯಲ್ಲ. ಇದು ಹೋದ್ರೆ ಮತ್ತೆ ಟ್ರೈನಿ ಸಂಬಳದಿಂದ ಶುರು. ನೀನು ಬರ್ಕೊಟ್ರೂ ಹೊರಗೆ ಹೋಗ್ತೀಯ, ನಿಂಗೇನ್ ನಷ್ಟ?"

"ಹೇಮಶ್ರೀ ಮೇಡಂ ಮುಂದೆ ಮೂರು ನಲವತ್ತಕ್ಕೆ ಕೂತಿದ್ದೆ. ಎದ್ದಾಗ ಮೂರು ಐವತ್ತು. ನಾನು ಬರೆದಿದ್ದು ಅವರ ಮೇಜಿಗೇ ಹೋಗುತ್ತೆ."

"ಅವತ್ತು ಎಷ್ಟು ಜನ ಬಂದಿದ್ರು?"

"ಅರವತ್ತು."

"ಅರವತ್ತು ಮುಖ, ಎರಡು ತಿಂಗಳು. ನನ್ ಹೆಂಡ್ತಿಗೇ ನನ್ ಮುಖ ನೆನಪಿರಲ್ಲ ಮಗಾ. ಬರ್ಕೊಡು."

ಭಾನುವಾರ ಅವಳು ಅಪ್ಪನ ಅಂಗಡಿಗೆ ಹೋದಳು. ಶೌಕತ್ ಶಿವಾಜಿನಗರದ ಗುಜರಿಯಲ್ಲಿ ಹಳೆ ಬೇರಿಂಗು, ಡ್ರಿಲ್ ಬಿಟ್ಟು, ಕಾರ್ಖಾನೆಗಳು ಎಸೆದ ಮೈಕ್ರೊಮೀಟರುಗಳನ್ನು ಮಾರುತ್ತಿದ್ದರು. ಅಳೆಯುವುದನ್ನು ಅವಳು ಕಲಿತದ್ದು ಆ ಅಂಗಡಿಯಲ್ಲಿ, ಕಾಲೇಜಿಗಿಂತ ಮುಂಚೆ.

"ಕ್ಯಾ ಹುವಾ ಬೇಟಾ?" ಎಂದು ಅವರು ಕೇಳಿದರು. ಅವಳು ಎಲ್ಲವನ್ನೂ ಹೇಳಿದಳು. ಮನೆಯ ದಖನಿಯಲ್ಲೇ ಹೇಳಿದಳು, ಮೈಕ್ರಾನ್ ಎಂಬ ಮಾತೊಂದನ್ನು ಬಿಟ್ಟು.

ಶೌಕತ್ ಮೊದಲು ಕೊಟ್ಟ ಸಲಹೆ ಸರಳವಾಗಿತ್ತು. ಪಕ್ಕದ ಗಲ್ಲಿಯಲ್ಲಿ ಚಾಂದ್ ಪಾಷಾನ ಪ್ರಿಂಟಿಂಗ್ ಅಂಗಡಿಯಿದೆ. "ಅವನು ಮದುವೆ ಕಾರ್ಡೂ ಮಾಡ್ತಾನೆ, ಕಂಪನಿನೂ ಮಾಡ್ತಾನೆ. ಲೆಟರ್‌ಹೆಡ್ಡು, ಸೀಲು, ಫೋನ್ ಮಾಡಿದ್ರೆ ಹೌದು ಅನ್ನೋಕೊಂದು ಹೆಣ್ಣು ದನಿ. ಸಾವಿರ ರೂಪಾಯಿ."

"ಅಬ್ಬಾಜಾನ್, ಅದು ರಕ್ಷಣಾ ಕಾರ್ಖಾನೆ. ಪೊಲೀಸರು ಮನೆಗೆ ಬಂದು ವಿಚಾರಿಸ್ತಾರೆ. ನಮ್ಮನೆಗೆ ಎರಡು ಸಲ ಬರ್ತಾರೆ."

ಶೌಕತ್ ಅದಕ್ಕೆ ನಗಲಿಲ್ಲ. "ಹಂಗಾದ್ರೆ ಅವನು ಹೇಳಿದಂಗೆ ಬರ್ಕೊಟ್ಟು ಪತ್ರ ತಗೋ. ತುಂಡು ಹೆಲಿಕಾಪ್ಟರಿಗೆ ಹಾಕಿಲ್ಲವಲ್ಲ. ಯಾರೂ ಸತ್ತಿಲ್ಲ."

ಮಸೀದಿ ರಸ್ತೆ ದಾಟಿ ಪುಲಿಕೇಶಿನಗರದ ಮನೆಗೆ ನಡೆಯುತ್ತಾ ಅವಳು ಲೆಕ್ಕ ಹಾಕಿದಳು. ಬರೆದುಕೊಟ್ಟರೆ ಹೇಮಶ್ರೀ ಮರೆತಿರಬೇಕು. ಮರೆತಿರದಿದ್ದರೆ ಸಹಿ ಮಾಡಿದ ಸುಳ್ಳು ಅವರ ಕೈಯಲ್ಲಿರುತ್ತದೆ. ಬರೆದುಕೊಡದಿದ್ದರೆ ಪತ್ರವಿಲ್ಲ. ಉಳಿದದ್ದು ಒಂದೇ. ಸುಳ್ಳು ಹೋಗುವ ಮೊದಲು ತಾನೇ ಹೋಗಿ ನಿಜ ಹೇಳುವುದು, ಹೇಳಿದ್ದಕ್ಕೆ ಅವರು ಮೆಚ್ಚಿ ಪತ್ರಕ್ಕೆ ಸ್ವಲ್ಪ ಸಮಯ ಕೊಡಿಸುವುದು. ಇದರಲ್ಲಿ ಪ್ರಾಮಾಣಿಕತೆ ಹೆಚ್ಚೇನೂ ಇರಲಿಲ್ಲ. ಮೂರು ದಾರಿಯಲ್ಲಿ ಕಡಿಮೆ ಕೆಟ್ಟದ್ದನ್ನು ಆರಿಸಿದಳು, ಅಷ್ಟೇ.

ತಿರಸ್ಕಾರ ಪತ್ರದ ಕೆಳಗೆ ಫೋನ್ ನಂಬರಿತ್ತು. ಸೋಮವಾರ ಬೆಳಗ್ಗೆ ಅರ್ಧ ದಿನ ರಜೆ ಹಾಕಿ, ಫೋನ್ ಮಾಡಿ, ಕಾರ್ಖಾನೆಯ ಗೇಟಿಗೆ ಹೋದಳು. ಮೊಬೈಲನ್ನು ಪೆಟ್ಟಿಗೆಯಲ್ಲಿಟ್ಟು ಟೋಕನ್ ತೆಗೆದುಕೊಂಡಳು. ಸಂದರ್ಶಕರ ಕೋಣೆಯಲ್ಲಿ ಮುಕ್ಕಾಲು ಗಂಟೆ ಕೂತಳು. ಹೇಮಶ್ರೀ ಬಂದರು, ನಲವತ್ತೈದರ ಸುಮಾರಿನ ಹೆಂಗಸು, ಕೈಯಲ್ಲಿ ಫೈಲಿರಲಿಲ್ಲ.

"ಹೇಳಿ ಸಾಮಿಯಾ."

ಹೆಸರು ನೆನಪಿತ್ತು. ಸಾಮಿಯಾ ನಿಂತೇ ಹೇಳಿದಳು. ಸಂದರ್ಶನಕ್ಕೆ ಸುಳ್ಳು ನೆಪ ಹೇಳಿ ಬಂದದ್ದು, ಸ್ಟ್ಯಾಂಪು ಬಿಟ್ಟದ್ದು, ಇನ್ನೊಬ್ಬರು ಒತ್ತಿದ್ದು. ಹೆಸರು ಮಾತ್ರ ಹೇಳಲಿಲ್ಲ.

"ಕೂತ್ಕೊಳ್ಳಿ. ಮಾರ್ಚ್ ಇಪ್ಪತ್ತೆಂಟನೇ ತಾರೀಕು ನೀವು ನನ್ನ ಮುಂದೆ ಕೂತಿದ್ರಿ. ರಂಧ್ರ ಅಳೆಯೋ ಬೋರ್ ಗೇಜ್ ಬಗ್ಗೆ ನಾನು ಕೇಳಿದ್ದಕ್ಕೆ ಅರವತ್ತು ಜನರಲ್ಲಿ ಸರಿಯಾಗಿ ಹೇಳಿದ್ದು ನೀವೊಬ್ರೇ. ವರದಿ ಮೇಲೆ ತಾರೀಕು ನೋಡಿದಾಗಲೇ ನನಗೆ ಗೊತ್ತಾಯ್ತು. ಗುರುವಾರದಿಂದ ಕಾಯ್ತಿದೀನಿ, ಕಂಪನಿಯವರು ಏನು ಬರೀತಾರೆ ಅಂತ."

"ನಾನೇ ಅಳೆದೆ, ತಪ್ಪಾಯ್ತು ಅಂತ ಬರೆದಿದ್ರೆ?"

"ಸುಳ್ಳು ಅಂತ ಬರೀತಿದ್ದೆ. ನಿಮ್ಮನ್ನ ತಗೊಳ್ತಿರಲಿಲ್ಲ."

"ಈಗ ನಿಜ ಹೇಳಿದೀನಿ ಮೇಡಂ."

"ನಿಜ ಅಂತ ಬರೀತೀನಿ." ಹೇಮಶ್ರೀ ಹೇಳಿದರು. "ಸ್ಟ್ಯಾಂಪು ಬಿಟ್ಟು ಹೋಗೋ ಇನ್ಸ್‌ಪೆಕ್ಟರನ್ನ ಇಲ್ಲಿ ತಗೊಳ್ಳಕ್ಕಾಗಲ್ಲ ರೀ. ಅದು ನಿಮಗೂ ಗೊತ್ತು."

ಗೊತ್ತಿತ್ತು. ಗೊತ್ತಿದ್ದೂ ಬಂದಿದ್ದಳು.

"ಇನ್ನೊಂದು ಕೇಳ್ತೀನಿ. ನಾಲ್ಕು ವರ್ಷದಲ್ಲಿ ಎಷ್ಟು ಸಲ ಹೀಗೆ ಬಿಟ್ಟು ಹೋಗಿದೀರಿ?"

ಒಂದೇ ಸಲ ಎನ್ನಬಹುದಿತ್ತು. ನಾಲ್ಕು ಎನ್ನಬಹುದಿತ್ತು. ಸಾಮಿಯಾ ನೆನಪಿಸಿಕೊಳ್ಳಲು ನಿಜವಾಗಿಯೂ ಪ್ರಯತ್ನಿಸಿದಳು.

"ಲೆಕ್ಕ ಇಟ್ಟಿಲ್ಲ ಮೇಡಂ."

"ಹಾಗಾದ್ರೆ ಹದಿನೇಳು ಅಂತ ಒತ್ತಿರೋದರಲ್ಲಿ ನೀವು ಅಳೆದಿದ್ದು ಯಾವುದು, ಅಳೆಯದೆ ಇದ್ದಿದ್ದು ಯಾವುದು? ನನಗೆ ಹೇಗೆ ಗೊತ್ತಾಗ್ಬೇಕು?"

ಹೇಮಶ್ರೀ ಎದ್ದು, ಅವಳ ಪಾಸಿನ ಮೇಲೆ ಹೊರಹೋಗುವ ಸಮಯ ಬರೆದು ಸಹಿ ಮಾಡಿಕೊಟ್ಟರು.

ಎರಡು ದಿನದಲ್ಲಿ ಆದೇಶ ಬಂತು. ಹದಿನೇಳನೇ ಸ್ಟ್ಯಾಂಪು ರದ್ದು. ಆ ಸ್ಟ್ಯಾಂಪಿನಡಿ ಬಂದು ಇನ್ನೂ ಜೋಡಣೆಯಾಗದೆ ಸ್ಟೋರಿನಲ್ಲಿರುವ ಎಲ್ಲ ತುಂಡುಗಳೂ ವಾಪಸ್. ಸುಮೇರು ತನ್ನ ಖರ್ಚಿನಲ್ಲಿ, ಕಾರ್ಖಾನೆಯ ಪ್ರತಿನಿಧಿಯ ಎದುರು, ಒಂದೊಂದನ್ನೂ ಮತ್ತೆ ಅಳೆಯಬೇಕು. ಅಲ್ಲಿಯವರೆಗೆ ಹೊಸ ಆರ್ಡರಿಲ್ಲ.

ಅಂಜನಮೂರ್ತಿ ಅವಳನ್ನು ಕರೆಸಿದರು. ಈ ಸಲ ಕೂರಲು ಹೇಳಲಿಲ್ಲ.

"ನಲವತ್ತು ತುಂಡಿನ ಸಮಸ್ಯೆ ಇತ್ತು. ನಾಲ್ಕು ವರ್ಷದ್ದು ಮಾಡ್ಕೊಂಡು ಬಂದೆ. ಯಾರ್ ಕೇಳಿದ್ರು ನಿನ್ನ?"

"ಅವರಿಗೆ ಮೊದಲೇ ಗೊತ್ತಿತ್ತು ಸರ್."

"ಒಂದು ದಿನದ್ದು ಗೊತ್ತಿತ್ತು. ಉಳಿದಿದ್ದು ನೀನ್ ಹೇಳಿದ್ದು." ಅವರು ಸಾವಿರದ ಎಂಟುನೂರ ಅರವತ್ತು ಎಂದು ಬರೆದ ಚೀಟಿಯನ್ನು ಮುಂದೆ ತಳ್ಳಿದರು. "ಅಳೀಬೇಕಾದವಳು ನೀನೇ. ಮುಗಿಯೋವರೆಗೂ ರಾಜೀನಾಮೆ ತಗೊಳಲ್ಲ. ಮಧ್ಯೆ ಬಿಟ್ಟು ಹೋದ್ರೆ ವಕೀಲರ ನೋಟಿಸ್ ಬರುತ್ತೆ. ಇದ್ರೆ ಸಂಬಳ ಬರುತ್ತೆ. ಅದೇ ಇಪ್ಪತ್ತೊಂಬತ್ತು."

ಯಾರು ಒತ್ತಿದರು ಎಂದು ಆಗಲೂ ಕೇಳಲಿಲ್ಲ. ನರೇಶನನ್ನು ತೆಗೆಯಲಿಲ್ಲ. ತೆಗೆದರೆ ಕಾರಣ ಬರೆಯಬೇಕಾಗುತ್ತಿತ್ತು.

ಇಪ್ಪತ್ತೊಂದು ದಿನ ಕಳೆಯಿತು. ಹುದ್ದೆ ಕಾಯುವ ಪಟ್ಟಿಯ ಮೊದಲಿಗನಿಗೆ ಹೋಯಿತು. ಸಾಮಿಯಾ ಖಾಸಗಿ ಕಂಪನಿಗಳಿಗೆ ಮತ್ತೆ ಅರ್ಜಿ ಹಾಕಿದಳು. ಈ ಕೆಲಸ ಮಾಡುವ ಕಂಪನಿಗಳೆಲ್ಲ ಅದೇ ಕಾರ್ಖಾನೆಗೆ ಮಾಲು ಕೊಡುತ್ತಿದ್ದವು, ಯಾರನ್ನಾದರೂ ತೆಗೆದುಕೊಳ್ಳುವ ಮೊದಲು ಅಲ್ಲೊಂದು ಫೋನ್ ಮಾಡುತ್ತಿದ್ದವು. ಹೊಸೂರು ರಸ್ತೆಯ ಕಂಪನಿಯವರು ಸಂದರ್ಶನ ಮುಗಿಸಿ ಕೈಕುಲುಕಿ, ಮರುದಿನ ಹುದ್ದೆಯೇ ಇಲ್ಲವೆಂದರು. ಬೇರೆ ಉದ್ಯಮದವರು ಏನು ತಯಾರಿಸುತ್ತೀರಿ ಎಂದು ಕೇಳಿದರು. ಕೆಲವು ಹೈಡ್ರಾಲಿಕ್ ಭಾಗಗಳು ಎಂದಳು.

ಜೂನ್ ಮಧ್ಯದಿಂದ ಅಳತೆ ಶುರುವಾಯಿತು. ಕಿಟಕಿಯಿಲ್ಲದ, ಇಪ್ಪತ್ತು ಡಿಗ್ರಿಗೆ ನಿಲ್ಲಿಸಿದ ಕೋಣೆ. ಬೆಳಗ್ಗೆ ಎಂಟೂವರೆಗೆ ಒಳಗೆ ಹೋದರೆ ಸಂಜೆ ಆರಕ್ಕೆ ಹೊರಗೆ. ತುಂಡಿಗೆ ಹನ್ನೊಂದು ಅಳತೆ, ದಿನಕ್ಕೆ ಹದಿನೈದು ತುಂಡು. ಅದಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ, ಏಕೆಂದರೆ ಕಾರ್ಖಾನೆಯ ಪ್ರತಿನಿಧಿ ಆಸಿಮ್ ಎಂಬವನು ಪ್ರತಿ ಅಂಕಿಯನ್ನೂ ತಾನು ನೋಡಿ ಬರೆದುಕೊಳ್ಳುತ್ತಿದ್ದ. ಸಾಮಿಯಾ ಅಂಕಿ ಓದುತ್ತಿದ್ದಳು. ಸ್ಟ್ಯಾಂಪು ಅವನು ಒತ್ತುತ್ತಿದ್ದ.

"ಮೇಡಂ, ಬೇಜಾರಾಗಲ್ವಾ?" ಎಂದು ಅವನು ಮೊದಲ ವಾರ ಕೇಳಿದ. ಇಪ್ಪತ್ತನಾಲ್ಕು ವರ್ಷದವನು, ಕಾಯಂ ನೌಕರ.

"ನಿಮಗೆ ಆಗಲ್ವಾ?"

"ನನಗೆ ಟಿಎ ಕೊಡ್ತಾರೆ."

ನರೇಶ್ ಈಗ ಮೆಟ್ರೊದಲ್ಲಿ ಹಿಂದಿನ ಬೋಗಿ ಹತ್ತುತ್ತಿದ್ದ. ಹೆಸರು ಹೇಳಿಲ್ಲವೆಂದು ಅವಳು ಮೂರು ಸಲ ಮೆಸೇಜ್ ಕಳಿಸಿದ್ದಳು. ಮೂರನೆಯದಕ್ಕೆ ಉತ್ತರ ಬಂದಿತ್ತು. ಹೆಸರು ಹೇಳದಿದ್ದರೇನು, ಮೂರ್ತಿ ಸಾರ್‌ಗೆ ಗೊತ್ತು, ಇನ್ನು ನನಗೆ ಇಂಕ್ರಿಮೆಂಟ್ ಸಿಗುವುದಿಲ್ಲ, ಬಿಡಲೂ ಆಗುವುದಿಲ್ಲ ಎಂದಿತ್ತು. ಕೆ.ಆರ್. ಪುರ ನಿಲ್ದಾಣದಲ್ಲಿ ಇಬ್ಬರೂ ಇಳಿದು, ಒಂದೇ ಮೇಲ್ಸೇತುವೆ ಹತ್ತಿ, ಹತ್ತು ಹೆಜ್ಜೆ ಅಂತರದಲ್ಲಿ ಒಂದೇ ಗೇಟಿಗೆ ಹೋಗುತ್ತಿದ್ದರು.

ಆಗಸ್ಟಿನಲ್ಲಿ ಅವಳಿಗೆ ಇಪ್ಪತ್ತೆಂಟು ತುಂಬಿತು. ಆ ದಿನವೂ ಹದಿನೈದು ಅಳೆದಳು.

ನವೆಂಬರ್ ಹದಿನಾಲ್ಕರ ಸಂಜೆ ಕೊನೆಯ ತುಂಡು ಮುಗಿಯಿತು. ಆಸಿಮ್ ಒಟ್ಟು ಕೂಡಿ ವರದಿ ಬರೆದ. ಮರು ಅಳತೆಯಾದದ್ದು ಸಾವಿರದ ಎಂಟುನೂರ ಅರವತ್ತು. ಅವುಗಳಲ್ಲಿ ತಪ್ಪಿರುವುದು ಸೊನ್ನೆ. ಅವಳು ಅಳೆದದ್ದೂ ಸರಿಯಿತ್ತು, ಅವಳು ಇಲ್ಲದಾಗ ಬೇರೆಯವರು ಅಳೆದದ್ದೂ ಸರಿಯಿತ್ತು, ಆ ಒಂದು ದಿನವನ್ನು ಬಿಟ್ಟು.

ಹೋದದ್ದು ಇಷ್ಟು. ವಾಲ್ವ್ ಬಾಡಿ ಒಂಬತ್ತು. ಹುದ್ದೆ ಒಂದು. ಗೆಳೆಯ ಒಬ್ಬ. ಕೆಲಸದ ದಿನ ನೂರ ಇಪ್ಪತ್ತನಾಲ್ಕು.